ಮಡಿಸದ ಸೊಪ್ಪು

ಕಡಲತೀರದ ಗಿಜಾಂಗ್ ಸಂತೆಯಲ್ಲಿ ಗಪ್ಸುನಳ ಅಂಗಡಿ ಹುಡುಕಲು ಯಾರನ್ನೂ ಕೇಳಬೇಕಾಗಿಲ್ಲ. ಒಣಗಿದ ಮಿಯೊಕ್ ಸೊಪ್ಪು ಆಳೆತ್ತರಕ್ಕೆ, ಕರ್ರಗೆ, ಎಲ್ಲಿ ಬಾಗಿಲಿಗೆ ಒರಗಿ ನಿಂತಿದೆಯೋ ಅದೇ ಅವಳ ಅಂಗಡಿ. ಕಡಲಸೊಪ್ಪು ಮಾರುವವರು ಅಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಆದರೆ ಬಾಣಂತಿಗೆ ಬೇಕು ಅಂದಾಗ ಜನ ಇವಳ ಹತ್ತಿರವೇ ಬರುತ್ತಾರೆ. ಬಾಣಂತಿಯ ಸೊಪ್ಪನ್ನು ಮಡಿಸಬಾರದು, ಮುರಿಯಬಾರದು, ಚೌಕಾಸಿಯಂತೂ ಮಾಡಲೇಬಾರದು. ಮಡಿಸಿದರೆ ಹೆರಿಗೆ ತೊಡಕಾಗುತ್ತದೆ, ಚೌಕಾಸಿ ಮಾಡಿದರೆ ಮಗುವಿನ ಆಯಸ್ಸಿಗೆ ಕುತ್ತು. ಒಮ್ಮೆ ಯಾರೋ ಹೊಸದಾಗಿ ಅಪ್ಪನಾಗಲಿದ್ದವನು ಕಾರಿನಲ್ಲಿ ಹಿಡಿಸುವುದಿಲ್ಲವೆಂದು ಸೊಪ್ಪನ್ನು ಬಗ್ಗಿಸಲು ಹೋದ. ಗಪ್ಸುನ್ ಅವನ ಕೈಯಿಂದ ಅದನ್ನು ಕಿತ್ತುಕೊಂಡಳು.

"ಕಿಟಕಿ ಇಳಿಸಿ ಹೊರಗಡೆ ಚಾಚ್ಕೊಂಡು ಹೋಗು. ಅದೂ ಆಗಲ್ಲ ಅಂದ್ರೆ ಹೆಗಲ ಮೇಲಿಟ್ಕೊಂಡು ನಡಿ. ಅವಳು ಇಷ್ಟು ತಿಂಗಳು ಹೊತ್ತಿಲ್ವಾ?"

ಅಂಗಡಿಯ ಮೂಲೆಯಲ್ಲಿ ಒಂದು ಚೀಲ ದಶಿಮಾ ಕೂಡ ಇರುತ್ತದೆ. ಅದೂ ಕಡಲಿನಲ್ಲಿ ಬೆಳೆದದ್ದೇ, ಅಂಗೈಯಗಲದ ದಪ್ಪ ತುಂಡುಗಳು. ಸಾರಿನ ನೀರಿಗೆ ಹಾಕಿ, ಕುದಿಸಿ, ರುಚಿ ಬಿಟ್ಟ ಮೇಲೆ ಎತ್ತಿ ಎಸೆಯುವಂಥದ್ದು. ಗಪ್ಸುನ್ ಅದನ್ನು ಲೆಕ್ಕಕ್ಕೆ ಇಟ್ಟವಳೇ ಅಲ್ಲ.

ಮಗಳು ಹೇರಿಮ್ ಬುಸಾನಿನಲ್ಲಿ ಗಂಡುಮಗು ಹೆತ್ತಾಗ ಗಪ್ಸುನ್ ಅಂಗಡಿಗೆ ಬೀಗ ಜಡಿದು, ಇದ್ದುದರಲ್ಲೇ ಉದ್ದನೆಯ ಸೊಪ್ಪನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತಲು ಹೊರಟಳು. ಪಕ್ಕದಂಗಡಿಯಲ್ಲಿ ಒಣಮೀನು ಮಾರುವ ಮಾಲ್ಜಾ ಕೆಣಕದೆ ಬಿಟ್ಟಾಳೆಯೇ?

"ಬುಸಾನಲ್ಲಿ ಬಾಣಂತನಕ್ಕೆ ಅಂತ್ಲೇ ದೊಡ್ಡ ದೊಡ್ಡ ಮನೆ ಕಟ್ಟಿದ್ದಾರಂತೆ ಕಣೇ. ಮೈ ಒತ್ತೋರು, ಹಾಲೂಡ್ಸೋದು ಕಲ್ಸೋರು ಎಲ್ಲ ಇರ್ತಾರಂತೆ. ನೀನ್ಯಾಕೆ ಓಡ್ತೀಯಾ?"

"ಅವ್ರಿಗೆ ಸೊಪ್ಪು ಬೇಯ್ಸೋಕೆ ಬರುತ್ತೇನೇ?"

"ಅದೂ ಮಾಡಿ ಬಡಿಸ್ತಾರಂತೆ."

"ಬಡಿಸ್ತಾರೆ. ಬಟ್ಟಲಲ್ಲಿ ಸೊಪ್ಪು ಹುಡುಕೋಕೆ ಮುಳುಗು ಹಾಕ್ಬೇಕು," ಎಂದವಳೇ ಗಪ್ಸುನ್ ಹೊರಟುಬಿಟ್ಟಳು.

ಅವಳ ಈ ಹಟಕ್ಕೆ ಕಾರಣವಿತ್ತು. ಹೇರಿಮ್ ಹುಟ್ಟಿದ್ದು ಸೊಪ್ಪಿನ ಸುಗ್ಗಿಯಲ್ಲಿ, ದೋಣಿಗಳೆಲ್ಲ ಒಟ್ಟಿಗೆ ದಡಕ್ಕೆ ಬರುವ ಹೊತ್ತಿನಲ್ಲಿ. ಮನೆಯ ತುಂಬ ಸೊಪ್ಪಿತ್ತು, ಅಂಗಳದ ತುಂಬ ಸೊಪ್ಪಿತ್ತು, ಗಪ್ಸುನಳಿಗೆ ಮಾತ್ರ ಒಂದು ಬಟ್ಟಲು ಸಾರು ಮಾಡಿಕೊಡಲು ಯಾರಿಗೂ ಪುರುಸೊತ್ತಿರಲಿಲ್ಲ. ಅತ್ತೆ ಗಂಡಸರು ಉಂಡು ಬಿಟ್ಟ ಪಾತ್ರೆಯ ತಳದಿಂದ ತಣ್ಣಗಿನದೇನೋ ಸುರಿದು ಕೊಟ್ಟಳು. ಹೆತ್ತ ಮೈ ಇನ್ನೂ ಹಸಿಯಿರುವಾಗಲೇ ಗಪ್ಸುನ್ ಒಣಗಿಸುವ ಅಂಗಳಕ್ಕೆ ಇಳಿದಿದ್ದಳು. ನನ್ನ ಮಗಳು ಹೆತ್ತಾಗ ಅವಳನ್ನು ಸಾರಿನಲ್ಲಿ ಈಜಾಡಿಸುತ್ತೇನೆ ಎಂದು ಅವತ್ತೇ ಮನಸ್ಸಿನಲ್ಲಿ ಹಲ್ಲು ಕಚ್ಚಿ ಹೇಳಿಕೊಂಡಿದ್ದಳು.

ಹೇಳಿಕೊಂಡದ್ದನ್ನು ಚಾಚೂ ತಪ್ಪದೆ ನಡೆಸಿದಳು. ಬೆಳಗ್ಗೆ ಮಾಂಸದ ಜೊತೆ, ಮಧ್ಯಾಹ್ನ ಚಪ್ಪಟೆ ಮೀನಿನ ಜೊತೆ, ರಾತ್ರಿ ಚಿಪ್ಪುಮೀನಿನ ಜೊತೆ, ದಿನಕ್ಕೆ ಮೂರು ಹೊತ್ತೂ ಮಿಯೊಕ್ ಸಾರು. ಅಳಿಯ ಗ್ಯುಸಾಂಗ್ ಹಡಗು ರಿಪೇರಿ ಮಾಡುವ ಕಡೆ ಎಂಜಿನ್ ಬಿಚ್ಚಿ ಜೋಡಿಸುವವನು, ಮಾತು ಕಡಿಮೆ. ಅವನೂ ಕೊಟ್ಟದ್ದನ್ನು ಉಂಡು ಸುಮ್ಮನಿದ್ದ. ಮಗುವಿಗೆ ಇನ್ನೂ ಹೆಸರಿಟ್ಟಿರಲಿಲ್ಲ, ಹೊಟ್ಟೆಯಲ್ಲಿದ್ದಾಗ ಕರೆಯುತ್ತಿದ್ದಂತೆ ಬಾಮಿ ಎಂದೇ ಕರೆಯುತ್ತಿದ್ದರು.

ಬಾಮಿ ಬಂಗಾರದಂಥ ಮಗು. ಅಳುವುದಿಲ್ಲ, ರಚ್ಚೆ ಹಿಡಿಯುವುದಿಲ್ಲ, ಮಲಗಿಸಿದರೆ ಮಲಗಿದಲ್ಲೇ ಇರುತ್ತದೆ. ಹಾಲು ಕುಡಿಯಲೂ ಎಬ್ಬಿಸಬೇಕು. ಎಬ್ಬಿಸಿದರೆ ನಾಲ್ಕು ಗುಟುಕು ಕುಡಿದು ಮತ್ತೆ ನಿದ್ದೆ. ಗಪ್ಸುನ್ ಮಾಲ್ಜಾಗೆ ಫೋನು ಮಾಡಿ ಕೊಚ್ಚಿಕೊಂಡಳು. "ನಿನ್ನ ಮೊಮ್ಮಕ್ಕಳು ಕಟ್ಟಡಾನೇ ಎತ್ಕೊಂಡು ಹೋಗೋ ಹಾಗೆ ಕಿರುಚ್ತಿದ್ವಲ್ಲ, ನಮ್ಮದು ಹಾಗಲ್ಲಮ್ಮ. ನಮ್ಮ ಬಾಮಿ ಮುನಿ."

ಮುನಿಯ ಕಣ್ಣಿನ ಹಳದಿ ಮಾತ್ರ ಇಳಿಯಲಿಲ್ಲ. ಹೊಟ್ಟೆಯೂ ಸರಿಯಾಗಿ ಹೋಗುತ್ತಿರಲಿಲ್ಲ. ಹೇರಿಮಳ ಮುಖ ಊದಿಕೊಂಡಿತ್ತು. ಬೆಚ್ಚಗಿನ ನೆಲದ ಮೇಲೆ ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಹೊದ್ದು ಕೂತರೂ ಚಳಿ ಎನ್ನುತ್ತಿದ್ದಳು. ಮಾತು ನಿಧಾನವಾಗಿತ್ತು, ದನಿ ದಪ್ಪವಾಗಿತ್ತು.

"ಬಾಣಂತಿ ಗಾಳಿ ಹೊಕ್ಕಿದೆ," ಎಂದು ತೀರ್ಪು ಕೊಟ್ಟಳು ಗಪ್ಸುನ್. "ಇನ್ನೊಂದು ಬಟ್ಟಲು ಕುಡಿ."

ಅಷ್ಟರಲ್ಲಿ ಆಸ್ಪತ್ರೆಯಿಂದ ಕರೆ ಬಂತು. ಹುಟ್ಟಿದ ಮಗುವಿನ ಹಿಮ್ಮಡಿ ಚುಚ್ಚಿ ತೆಗೆದ ರಕ್ತದಲ್ಲಿ ಏನೋ ಹೆಚ್ಚು ಕಡಿಮೆಯಿದೆ, ತಾಯಿಯೂ ಬರಲಿ, ಅವಳ ರಕ್ತವನ್ನೂ ನೋಡಬೇಕು ಅಂದರು.

ಡಾಕ್ಟರ್ ಸೊಕ್ ಗ್ರಂಥಿಗಳ ತಜ್ಞೆ. ನಡುವಯಸ್ಸಿನ ಹೆಂಗಸು, ಮಾತಿನಲ್ಲಿ ಸಕ್ಕರೆಯೂ ಇಲ್ಲ, ಖಾರವೂ ಇಲ್ಲ. ಇಬ್ಬರ ರಕ್ತವನ್ನೂ ನೋಡಿ ಆದ ಮೇಲೆ ಹೇರಿಮ್, ಗ್ಯುಸಾಂಗ್, ಗಪ್ಸುನ್ ಮೂವರನ್ನೂ ಎದುರಿಗೆ ಕೂರಿಸಿಕೊಂಡು ತನ್ನ ಗಂಟಲ ಮೇಲೆ ಬೆರಳಿಟ್ಟಳು.

"ಇಲ್ಲಿ ಒಂದು ಗ್ರಂಥಿ ಇದೆ. ಥೈರಾಯ್ಡ್. ಮೈ ಬೆಚ್ಚಗಿಡೋದು, ಹೊಟ್ಟೆ ನಡ್ಸೋದು, ಹೃದಯದ ಓಟ ನೋಡ್ಕೊಳ್ಳೋದು ಎಲ್ಲ ಅದು ಮಾಡಿ ಕಳ್ಸೋ ಹಾರ್ಮೋನು. ಈ ವಯಸ್ಸಿನ ಮಗೂಗೆ ಮಿದುಳು ಬೆಳೆಯೋಕೂ ಅದೇ ಬೇಕು. ತಲೆ ಒಳಗೆ, ಮೂಗಿನ ಹಿಂದುಗಡೆ, ಬಟಾಣಿ ಕಾಳಷ್ಟು ಇನ್ನೊಂದು ಗ್ರಂಥಿ ಇದೆ. ಅದು ನಿಮ್ಮೂರ ಯಜಮಾನ ಇದ್ದ ಹಾಗೆ. ಗಂಟಲಿನ ಗ್ರಂಥಿ ಕೆಲ್ಸ ಕಡಿಮೆ ಮಾಡಿದ್ರೆ ಯಜಮಾನ ಕೂಗ್ತಾನೆ. ರಕ್ತದಲ್ಲಿ ನಾವು ಅಳೆಯೋದು ಆ ಕೂಗನ್ನ."

"ನಮ್ಮೂರ ಯಜಮಾನನೂ ಬೆಳಗಾಗೋಕ್ಕಿಲ್ಲ, ಮೈಕ್ ಹಿಡ್ಕೊಂಡು ಕೂಗ್ತಾನೆ," ಎಂದಳು ಗಪ್ಸುನ್. "ಯಾರೂ ಕಿವಿಗೆ ಹಾಕ್ಕೊಳ್ಳಲ್ಲ."

"ಇಲ್ಲೂ ಅದೇ ಆಗಿದೆ. ನಿಮ್ಮ ಮೊಮ್ಮಗನ ತಲೇಲಿ ಯಜಮಾನ ಗಂಟಲು ಹರ್ಕೋತಿದ್ದಾನೆ, ಗ್ರಂಥಿ ಎದ್ದೇಳ್ತಿಲ್ಲ. ಇವ್ರದ್ದೂ ಹಾಗೇ." ಡಾಕ್ಟರು ಹೇರಿಮಳ ಕಡೆ ತಿರುಗಿದಳು. "ಸೊಪ್ಪಿನ ಸಾರು ಎಷ್ಟು ತಿಂತಿದ್ದೀರಿ?"

ಹೇರಿಮ್ ಅಮ್ಮನ ಮುಖ ನೋಡಿದಳು. ಅಮ್ಮ ಎದೆಯುಬ್ಬಿಸಿ ಉತ್ತರಿಸಿದಳು. "ಮೂರು ಹೊತ್ತೂ. ಗಿಜಾಂಗಿಂದು. ಕೈ ತುಂಬ ಹಾಕ್ತೀನಿ."

"ನಿಲ್ಸಿ."

ಆ ಕೋಣೆಯಲ್ಲಿ ಯಾರಾದರೂ ಗಪ್ಸುನಳಿಗೆ ಹೆತ್ತ ತಾಯಿಯನ್ನು ಮಾರಿಬಿಡು ಅಂದಿದ್ದರೂ ಅವಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ನನ್ನಮ್ಮ ತಿಂದಳು, ಅವಳಮ್ಮ ತಿಂದಳು, ಇಡೀ ದೇಶ ತಿಂದು ಹುಟ್ಟಿದ ಹಬ್ಬಕ್ಕೂ ತಿನ್ನುತ್ತದೆ, ನೀವೂ ತಿಂದೇ ಡಾಕ್ಟರಾದಿರಿ ಎಂದು ಒಂದೇ ಉಸಿರಿಗೆ ಅಂದಳು. ಡಾಕ್ಟರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ತಿಂದೆ, ಅಮ್ಮ. ತಿನ್ನೋದು ತಪ್ಪಲ್ಲ. ಸೊಪ್ಪಲ್ಲಿ ಅಯೋಡಿನ್ ಇದೆ, ಗ್ರಂಥಿಗೆ ಅದೇ ಕಚ್ಚಾ ಮಾಲು. ಸ್ವಲ್ಪ ಬೇಕೇ ಬೇಕು. ಅತಿಯಾಗಿ ಬಂದು ಬಿದ್ರೆ ಗ್ರಂಥಿ ಬಾಗಿಲು ಹಾಕ್ಕೊಂಡ್ಬಿಡುತ್ತೆ. ಹೆಚ್ಚಿನೋರ ಗ್ರಂಥಿ ನಾಲ್ಕು ದಿನಕ್ಕೆ ಸುಧಾರಿಸ್ಕೊಂಡು ಮತ್ತೆ ಬಾಗಿಲು ತೆಗೀತದೆ. ನಿಮ್ಮ ಮಗಳ ಗ್ರಂಥಿ ಮೊದ್ಲಿಂದ ಸ್ವಲ್ಪ ಸೂಕ್ಷ್ಮ, ರಕ್ತದಲ್ಲಿ ಅದೂ ಕಾಣ್ಸಿದೆ. ಮಗೂಗಂತೂ ಹೇಗೆ ತೆಗೀಬೇಕು ಅನ್ನೋದೇ ಇನ್ನೂ ಗೊತ್ತಿಲ್ಲ. ಇವ್ರು ತಿಂದಿದ್ದು ಹಾಲಲ್ಲಿ ಅದಕ್ಕೆ ಹೋಗ್ತಿದೆ."

ಸುಗ್ಗಿಯಲ್ಲಿ ದೋಣಿಗಳೆಲ್ಲ ಒಂದೇ ಸಲ ಬಂದು ಅಂಗಳದಲ್ಲಿ ಸೊಪ್ಪು ಸುರಿದಾಗ ಒಣಗಿಸುವ ಹೆಂಗಸರು ಏನು ಮಾಡುತ್ತಾರೆಂದು ಗಪ್ಸುನಳಿಗೆ ಗೊತ್ತಿತ್ತು. ಕೈ ಕಟ್ಟಿಕೊಂಡು ಕೂತುಬಿಡುತ್ತಾರೆ. ಮಾಡಿ ಮುಗಿಯುವಷ್ಟಿದ್ದರೆ ತಾನೇ ಮಾಡುವುದು? ಡಾಕ್ಟರು ಹೇಳಿದ್ದು ಅವಳ ತಲೆಗೆ ಹೋಯಿತು. ಒಪ್ಪಿಕೊಳ್ಳಲು ಮಾತ್ರ ಬಾಯಿ ಬರಲಿಲ್ಲ.

"ಒಂದು ವಾರ ನೋಡೋಣ," ಎಂದಳು ಡಾಕ್ಟರು. "ಮಿಯೊಕ್, ಗಿಮ್, ದಶಿಮಾ, ಕಡಲಿನ ಸೊಪ್ಪು ಯಾವುದೂ ಬೇಡ. ಇಳೀದೆ ಇದ್ರೆ ಮಗೂಗೆ ಮಾತ್ರೆ ಶುರು ಮಾಡ್ತೀನಿ, ಎದೆಹಾಲೂ ಕೆಲವು ದಿನ ನಿಲ್ಲಿಸಬೇಕಾಗುತ್ತೆ. ತಡ ಮಾಡೋ ಹಾಗಿಲ್ಲ. ಮಿದುಳಿನ ವಿಷಯ."

ಹಾಲು ನಿಲ್ಲಿಸಬೇಕಾಗುತ್ತದೆ ಅಂದಾಗ ಹೇರಿಮ್ ಮಗುವನ್ನು ಎದೆಗೆ ಒತ್ತಿಕೊಂಡಳು. ಗಪ್ಸುನ್ ಅದನ್ನು ನೋಡಿದಳು. ಮನೆಗೆ ಬಂದವಳೇ ಉಳಿದ ಮಿಯೊಕ್ ಸೊಪ್ಪನ್ನು ಮಡಿಸದೆ ಹಾಗೆಯೇ ಬಟ್ಟೆ ಸುತ್ತಿ ಬೀರುವಿನ ಮೇಲೆ ಮಲಗಿಸಿದಳು. ಗಿಮ್ ಹಾಳೆಗಳನ್ನು ಪಕ್ಕದ ಮನೆಗೆ ಕೊಟ್ಟಳು, ಎಣ್ಣೆಯಲ್ಲಿ ಕರಿದ ದಶಿಮಾ ಡಬ್ಬಿಯನ್ನು ಅಳಿಯನ ಊಟದ ಚೀಲಕ್ಕೆ ತುರುಕಿದಳು. ಅವಳು ಮಾಡಿದರೆ ಹೀಗೆ, ಅರೆಬರೆ ಕೆಲಸದವಳಲ್ಲ. ಮರುದಿನದಿಂದ ಮಾಂಸ ಮೂಲಂಗಿ ಹಾಕಿದ ತಿಳಿ ಸಾರು ಕುದಿಯಿತು.

ವಾರ ಕಳೆಯಿತು. ಬಾಮಿ ಇನ್ನೂ ಮುನಿಯಾಗಿಯೇ ಇದ್ದ. ರಕ್ತ ಪರೀಕ್ಷೆಯಲ್ಲಿ ಯಜಮಾನನ ಕೂಗು ತಗ್ಗುವುದಿರಲಿ, ಮೊದಲಿಗಿಂತ ಜೋರಾಗಿತ್ತು.

"ಸೊಪ್ಪು ನಿಲ್ಸಿದ್ರಾ?" ಡಾಕ್ಟರು ಕೇಳಿದಳು.

"ನಿಲ್ಸಿದ್ವಿ," ಎಂದಳು ಹೇರಿಮ್.

"ಪೂರ್ತಿ?"

"ನನ್ನ ಬಾಯಿಗೆ ಒಂದೆಸಳೂ ಬಿದ್ದಿಲ್ಲ."

ಡಾಕ್ಟರು ಗಪ್ಸುನಳ ಕಡೆ ನೋಡಿದಳು. ಮಗುವಿಗೆ ಮಾತ್ರೆ ಬರೆದಳು, ಪುಡಿ ಮಾಡಿ ಚಮಚದಲ್ಲಿ ಹೇಗೆ ಕೊಡಬೇಕೆಂದು ತೋರಿಸಿದಳು, ಇವತ್ತಿನಿಂದ ಡಬ್ಬಿ ಹಾಲು ಅಂದಳು. ಎದೆಯ ಹಾಲನ್ನು ಹಿಂಡಿ ಚೆಲ್ಲಬೇಕು, ಬತ್ತದಿರಲಿ ಎಂದು.

ಮನೆ ಸೇರಿದ ಮೇಲೆ ಗ್ಯುಸಾಂಗ್ ಕೈ ತೊಳೆದು ನೇರ ಅಡುಗೆಮನೆಗೆ ಹೋದ. ಫ್ರಿಜ್ಜು ತೆಗೆದ. ಪಾತ್ರೆಯ ಮುಚ್ಚಳ ಎತ್ತಿ ಸೌಟು ಆಡಿಸಿದ. ಕಸದ ಬುಟ್ಟಿಯನ್ನೂ ಬಗ್ಗಿ ನೋಡತೊಡಗಿದಾಗ ಗಪ್ಸುನ್ ಬಾಗಿಲಲ್ಲಿ ಬಂದು ನಿಂತಳು.

"ಏನು ಅಳಿಯಂದ್ರೇ, ತನಿಖೆನಾ?"

ಅವನ ಕಿವಿ ಕೆಂಪಗಾಯಿತು. ಆದರೂ ಹಿಂದೆ ಸರಿಯಲಿಲ್ಲ. "ತಪ್ಪು ತಿಳೀಬೇಡಿ ಅತ್ತೆ. ಎಂಜಿನ್ ಕೆಟ್ರೆ ನಾವು ಎಣ್ಣೆ ಎಲ್ಲಿಂದ ಬಂತು ಅಂತ ಮೊದ್ಲು ನೋಡ್ತೀವಿ."

"ಎಣ್ಣೆ ಹಾಕಿದೋಳು ನಾನು ಅಂತೀರಾ?"

"ಯಾರೋ ಹಾಕಿದ್ದಾರೆ. ಪರೀಕ್ಷೆ ಸುಳ್ಳು ಹೇಳಲ್ಲ."

"ನಾನೂ ಹೇಳಲ್ಲ," ಎಂದಳು ಗಪ್ಸುನ್. "ಮಗು ಕೊಟ್ಟು ಕಾಯೋ ದೇವತೆ, ಸಾಮ್ಶಿನ್ ಅಜ್ಜಿ ಮೇಲಾಣೆ, ಬೀರು ಮೇಲಿಟ್ಟ ಸೊಪ್ಪು ಇಟ್ಟಲ್ಲೇ ಇದೆ. ಹೋಗಿ ಅಳೆದು ನೋಡಿ."

ಅಳಿಯನ ಮಾತಿಗೆ ಅವಳು ಅಷ್ಟು ನೊಂದುಕೊಳ್ಳಲಿಲ್ಲ. ಗಂಡಸು, ಮಗುವಿನ ಅಪ್ಪ, ಹೆದರಿದ್ದಾನೆ. ಆದರೆ ಹೇರಿಮ್ ಒಳಗಿನಿಂದ ಬಂದು, ಹಾಲು ಕಟ್ಟಿದ ಎದೆಗೆ ಬಿಸಿ ಬಟ್ಟೆ ಒತ್ತಿಕೊಂಡು, ಊದಿದ ಮುಖವೆತ್ತಿ ಮೆಲ್ಲಗೆ ಕೇಳಿದಳು. "ಅಮ್ಮ, ಹಾಕಿದ್ಯಾ? ಹಾಕಿದ್ರೆ ಹೇಳ್ಬಿಡು. ನಾನು ಬಯ್ಯಲ್ಲ."

ಅದು ನಾಟಿತು. ಮೂವತ್ತು ವರ್ಷ ಒಂದು ಎಳೆ ಮುರಿದ ಸೊಪ್ಪನ್ನೂ ಯಾರಿಗೂ ಮೋಸದಿಂದ ಮಾರದವಳು, ಹೆತ್ತ ಮಗಳ ಕಣ್ಣಲ್ಲಿ ಕಳ್ಳಿಯಾಗಿ ನಿಂತಿದ್ದಳು. ಗಪ್ಸುನ್ ಒಲೆಯ ಕಡೆ ತಿರುಗಿದಳು. ಸಂಜೆಯ ಸಾರಿಗೆ ನೀರಿಡಬೇಕಿತ್ತು. ಸಿಟ್ಟು ಬಂದಾಗ ಅವಳಿಗೆ ಅಡುಗೆ ಇನ್ನೂ ಚುರುಕಾಗಿ ಬರುತ್ತದೆ. ಮೂಲಂಗಿ ಹೆಚ್ಚಿದಳು, ಈರುಳ್ಳಿ ಸೀಳಿದಳು. ಹೇರಿಮ್ ಹೋಗದೆ ಅಲ್ಲೇ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು.

"ನೋಡು, ನೋಡು. ಕಣ್ಣು ತುಂಬ ನೋಡು. ಇದು ನೀರು. ಇದು ಮೂಲಂಗಿ. ಇದು ಹಸುವಿನ ಮಾಂಸ. ಹಸು ಕಡಲಲ್ಲಿ ಮೇಯುತ್ತಾ?"

ನೀರು ಕುದಿಯಿತು. ಮೀನಿನ ಪುಡಿಯ ಪಕ್ಕದ ಡಬ್ಬಿಗೆ ಅವಳ ಕೈ ತಾನಾಗಿ ಹೋಯಿತು, ಹಿಡಿ ತುಂಬ ದಪ್ಪ ತುಂಡು ತೆಗೆಯಿತು, ನೀರಿಗೆ ಬಿಟ್ಟಿತು. ತುಂಡುಗಳು ಅರಳಿ ಅಗಲವಾದವು. ನೀರು ಸ್ವಲ್ಪ ಹಸಿರಾಗಿ, ಲೋಳೆಯಾಗಿ, ಘಮ್ಮೆಂದಿತು. ಅವಳು ಚಾಪ್‌ಸ್ಟಿಕ್ಕಿನಲ್ಲಿ ಒಂದೊಂದನ್ನೇ ಎತ್ತಿ ಎಸೆಯಲು ಬುಟ್ಟಿಯ ಕಡೆ ಬಾಗಿದಳು. ಬಾಗಿದವಳು ಹಾಗೆಯೇ ನಿಂತಳು.

ಕಡ್ಡಿಗಳ ತುದಿಯಲ್ಲಿ ದಶಿಮಾ ತೊಟ್ಟಿಕ್ಕುತ್ತಿತ್ತು.

ಡಾಕ್ಟರು ಆ ಹೆಸರನ್ನು ಹೇಳಿದ್ದಳು. ಗಪ್ಸುನ್ ತಲೆಯಾಡಿಸಿದ್ದಳು, ಕರಿದ ದಶಿಮಾ ಡಬ್ಬಿಯನ್ನು ಮನೆಯಿಂದ ಆಚೆಗೂ ಸಾಗಿಸಿದ್ದಳು. ಆದರೆ ಸಾರಿನ ನೀರಿಗೆ ಹಾಕುವುದು ಅವಳ ಲೆಕ್ಕದಲ್ಲಿ ಅಡುಗೆಯೇ ಅಲ್ಲ, ಅದು ಬರೀ ನೀರು ಕಾಯಿಸುವುದು. ದಶಿಮಾ ಇಲ್ಲದೆ ಆ ದೇಶದಲ್ಲಿ ಯಾರೂ ನೀರು ಕಾಯಿಸುವುದಿಲ್ಲ. ಎಸೆಯುವ ತುಂಡನ್ನು ತಿಂದ ಹಾಗೆ ಯಾರು ಲೆಕ್ಕ ಹಿಡಿಯುತ್ತಾರೆ? ಎಸೆಯುವುದಕ್ಕೆ ಮುಂಚೆ ಅದು ತನ್ನ ಸತ್ವವನ್ನೆಲ್ಲ ಬಿಡುವುದು ಮಾತ್ರ ನೀರಿಗೇ. ಮಿಯೊಕ್ ಸಾರು ನಿಂತ ಮೇಲೆ, ತಿಳಿ ಸಾರು ಸಪ್ಪೆಯಾಗಬಾರದೆಂದು, ಅವಳು ದಿನವೂ ಹಿಡಿ ಹೆಚ್ಚೇ ಹಾಕಿದ್ದಳು.

ಸುಮ್ಮನಿರಬಹುದಿತ್ತು. ತುಂಡುಗಳನ್ನು ಬುಟ್ಟಿಗೆ ಹಾಕಿ, ಪಾತ್ರೆ ತೊಳೆದು, ನಾಳೆಯಿಂದ ಬರೀ ನೀರಲ್ಲಿ ಸಾರು ಮಾಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಮುಂದಿನ ಪರೀಕ್ಷೆಯಲ್ಲಿ ಕೂಗು ಇಳಿಯುತ್ತಿತ್ತು, ಅವಳ ಆಣೆ ನಿಜವಾಗಿಯೇ ಉಳಿಯುತ್ತಿತ್ತು, ಅಳಿಯ ಬಂದು ಕೈಕಟ್ಟಿ ಕ್ಷಮೆ ಕೇಳುತ್ತಿದ್ದ. ಈ ಯೋಚನೆ ಅವಳಿಗೆ ಬರಲಿಲ್ಲವೆಂದರೆ ಸುಳ್ಳಾಗುತ್ತದೆ. ಬಂತು, ಒಂದು ಗಳಿಗೆ ನಿಂತೂ ನಿಂತಿತು. ಆಮೇಲೆ ಅವಳಿಗೆ ಅಸಹ್ಯವಾಯಿತು.

"ಅಳಿಯಂದ್ರೇ, ಬನ್ನಿ ಇಲ್ಲಿ," ಎಂದು ಸಂತೆಗೇ ಕೇಳಿಸುವ ದನಿಯಲ್ಲಿ ಕರೆದಳು. ಗ್ಯುಸಾಂಗ್ ಓಡಿ ಬಂದ. ಅವಳು ಕಡ್ಡಿಯಲ್ಲಿದ್ದುದನ್ನು ಅವನ ಮುಖದ ಮುಂದೆ ಹಿಡಿದಳು. "ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕ್ತಿದ್ರಲ್ಲ. ಇಲ್ಲಿಂದ. ಹಾಕಿದೋಳು ನಾನೇ. ದಿನಾ ಹಾಕ್ದೆ, ಹಿಡಿ ಹಿಡಿ ಹಾಕ್ದೆ. ನೀವು ಸರಿಯಾಗೇ ಹೇಳಿದ್ರಿ."

ಗ್ಯುಸಾಂಗ್ ಅದನ್ನು ನೋಡಿದ, ಪಾತ್ರೆಯನ್ನು ನೋಡಿದ. ಅವನ ಮುಖ ಪೆಚ್ಚಾಯಿತು.

"ಅತ್ತೆ, ಈಗ ತಾನೇ ಆ ಬುಟ್ಟಿಯಲ್ಲಿ ಅದನ್ನ ನೋಡ್ದೆ. ಬೆಳಗ್ಗೆ ಎಸೆದಿದ್ದು ಅಲ್ಲೇ ಇತ್ತು. ನೋಡಿಯೂ ಮುಂದಕ್ಕೆ ಹುಡುಕ್ತಿದ್ದೆ. ಇದು ಸೊಪ್ಪು ಅಂತ ನಂಗೂ ಹೊಳೀಲಿಲ್ಲ."

"ಹೊಳೀಬೇಕಾಗಿದ್ದು ನಂಗೆ. ಮಾರೋಳು ನಾನು." ಅವಳು ಮಗಳ ಕಡೆ ತಿರುಗಿದಳು. ದನಿ ಈಗ ಸ್ವಲ್ಪ ತಗ್ಗಿತ್ತು. "ಕದ್ದು ಹಾಕ್ಲಿಲ್ಲ ಕಣೇ. ಆದ್ರೆ ಹಾಕಿದ್ದು ನಿಜ. ನಿನ್ನ ಹಾಲು ಚೆಲ್ಲೋ ಹಾಗೆ ಮಾಡಿದ್ದು ನಾನು."

ಹೇರಿಮ್ ಕೆಲವು ಗಳಿಗೆ ಅಮ್ಮನನ್ನೇ ನೋಡಿದಳು. ಆಮೇಲೆ ಎದ್ದು ಬಂದು, ಒಲೆಯ ಮೇಲಿನ ಸಾರನ್ನು ತಾನೇ ಎತ್ತಿ ತೊಟ್ಟಿಗೆ ಸುರಿದಳು. "ಡಾಕ್ಟರಿಗೆ ಫೋನ್ ಮಾಡೋಣ," ಎಂದಳು.

"ಕೊಡು ಇಲ್ಲಿ, ನಾನೇ ಹೇಳ್ತೀನಿ."

ಡಾಕ್ಟರ್ ಸೊಕ್ ಪೂರ್ತಿ ಕೇಳಿಸಿಕೊಂಡಳು. ದಶಿಮಾದಲ್ಲಿ ಮಿಯೊಕ್‌ಗಿಂತ ಎಷ್ಟೋ ಪಾಲು ಹೆಚ್ಚು ಅಯೋಡಿನ್ ಇದೆ, ಸಾರಿನ ನೀರನ್ನು ಬಿಡಿಸಿ ಹೇಳದೆ ಇದ್ದದ್ದು ನನ್ನದೂ ತಪ್ಪು ಅಂದಳು. ಕಾರಣ ಸಿಕ್ಕಿತಲ್ಲ, ಬೇಗನೆ ಹಾಲೂಡಿಸಲು ಬಿಡಬಹುದು ಅಂತಲೂ ಅಂದಳು. ಗಪ್ಸುನ್ ಫೋನಿಟ್ಟು, ಉಳಿದ ದಶಿಮಾವನ್ನು ಡಬ್ಬಿ ಸಮೇತ ಎತ್ತಿ ಮನೆಯಾಚೆ ಇಟ್ಟು ಬಂದಳು. ದಶಿಮಾ ಇಲ್ಲದ ಸಾರು ಪಾತ್ರೆ ತೊಳೆದ ನೀರು ಎಂದು ಗೊಣಗಿದಳು. ಗೊಣಗುತ್ತಲೇ ಮೂಳೆ ತರಿಸಿದಳು, ಈರುಳ್ಳಿಯನ್ನು ಬೆಂಕಿಯಲ್ಲಿ ಕರಕಲು ಮಾಡಿ ಹಾಕಿದಳು, ಒಣ ಅಣಬೆ ಹಾಕಿದಳು. ವಾರದೊಳಗೆ ಅದು ಎಂಥ ಸಾರಾಯಿತೆಂದರೆ ಅಳಿಯ ಎರಡು ಸಲ ಬಡಿಸಿಕೊಳ್ಳುತ್ತಿದ್ದ.

ಒಂದು ಬೆಳಗ್ಗೆ ಪಕ್ಕದ ಮನೆಯವಳು ಬಂದು, ರಾತ್ರಿಯಿಡೀ ನಿಮ್ಮ ಮಗುವಿನ ಗಲಾಟೆ, ಕಣ್ಣು ಮುಚ್ಚಿಲ್ಲ ಎಂದು ದೂರಿದಳು. ಒಳಗೆ ಬಾಮಿ ಮುಷ್ಟಿ ಬಿಗಿದು, ಮುಖ ಕೆಂಡವಾಗಿ, ಗಂಟಲು ಬಿಚ್ಚಿ ಅರಚುತ್ತಿದ್ದ. ಹಾಲು ಬೇಕಿತ್ತು, ಆ ಕ್ಷಣವೇ ಬೇಕಿತ್ತು. ಗಪ್ಸುನ್ ದೂರು ತಂದವಳ ಕೈ ಹಿಡಿದುಕೊಂಡಳು.

"ಚೆನ್ನಾಗಿ ಕೇಳ್ಸುತ್ತಾ? ನಿಮ್ಮ ಮಲಗೋ ಕೋಣೆವರೆಗೂ ಕೇಳ್ಸುತ್ತಾ?" ಎಂದು ಕೇಳಿ, ಅವಳಿಗೆ ಒಂದು ಪಾತ್ರೆ ಸಾರು ಕೊಟ್ಟು ಕಳಿಸಿದಳು. ಆಮೇಲೆ ಮಾಲ್ಜಾಗೆ ಫೋನು ಹಚ್ಚಿ, ಮಾತಾಡದೆ, ಅದನ್ನು ಮಗುವಿನ ಬಾಯಿಯ ಹತ್ತಿರ ಹಿಡಿದಳು.

"ಅಯ್ಯೋ, ನಿನ್ನ ಮುನಿಗೇನಾಯ್ತೇ?" ಎಂದಳು ಮಾಲ್ಜಾ.

"ಯಜಮಾನ ಕೂಗೋದು ನಿಲ್ಸಿದ್ದಾನೆ. ಈಗ ಇವನು ಶುರು ಮಾಡಿದ್ದಾನೆ."

ಹೇರಿಮ್ ಮತ್ತೆ ಎದೆಹಾಲು ಕೊಡತೊಡಗಿದ್ದಳು. ಮುಖದ ಊತ ಇಳಿದಿತ್ತು, ಕಾಲುಚೀಲ ಒಂದೇ ಜೊತೆಗೆ ಇಳಿದಿತ್ತು.

ಮಗು ಹುಟ್ಟಿದ ನೂರನೆಯ ದಿನದ ಬೆಳಗ್ಗೆ ಗಪ್ಸುನಳಿಗೆ ಎಚ್ಚರವಾದಾಗ ಅಡುಗೆಮನೆಯಿಂದ ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಬೀರುವಿನ ಮೇಲಿನ ಬಟ್ಟೆ ಬಿಚ್ಚಿತ್ತು. ಹೇರಿಮ್ ಆ ಉದ್ದನೆಯ ಸೊಪ್ಪನ್ನು ನೆನೆಸಿ, ಮಾಂಸದ ಜೊತೆ ಹುರಿದು, ಸಾರು ಮಾಡಿ, ಅನ್ನ ನೀರಿನ ಜೊತೆ ಸಾಮ್ಶಿನ್ ಅಜ್ಜಿಯ ಮುಂದೆ ಇಟ್ಟಿದ್ದಳು. ಅಜ್ಜಿಗೆ ಮಿಯೊಕ್ ಸಾರಿಲ್ಲದೆ ಆಗುವುದಿಲ್ಲ, ಡಾಕ್ಟರು ಏನೇ ಅನ್ನಲಿ. ಗಪ್ಸುನ್ ಎರಡೂ ಅಂಗೈ ಉಜ್ಜಿ ಬಾಗಿದಳು.

"ಅಜ್ಜೀ, ನಿನ್ನ ಗಂಟಲಲ್ಲಿ ಯಾವ ಗ್ರಂಥಿಯ ಕಾಟವೂ ಇಲ್ಲ. ಹೊಟ್ಟೆ ತುಂಬ ಕುಡಿ. ನನ್ನ ಮಗಳು ಕುಡಿಯಲ್ಲ, ಬೇಜಾರಾಗಬೇಡ. ಅವಳನ್ನ ತಡೆದಿರೋದು ನಾನೇ."

ಪೂಜೆ ಮುಗಿಯಿತು. ಅಜ್ಜಿಗಿಟ್ಟ ಸಾರನ್ನು ಚೆಲ್ಲುವ ಹಾಗಿಲ್ಲ, ಹಂಚುವ ಹಾಗೂ ಇಲ್ಲ. ಹೆತ್ತವಳು ಒಬ್ಬಳೇ ಕುಡಿದು ಮುಗಿಸಬೇಕು. ಇದಕ್ಕೇನು ಮಾಡುವುದೆಂದು ಗಪ್ಸುನ್ ರಾತ್ರಿಯಿಂದ ಯೋಚಿಸುತ್ತಲೇ ಇದ್ದಳು. ಹೇರಿಮ್ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತಂದು ಅಮ್ಮನ ಮುಂದಿಟ್ಟಳು, ಚಮಚವನ್ನು ಪಕ್ಕದಲ್ಲಿಟ್ಟಳು.

"ಇದು ಹೆತ್ತವಳ ಪಾಲು ಕಣೇ," ಎಂದಳು ಗಪ್ಸುನ್.

"ಗೊತ್ತು. ನನ್ನ ಹೆತ್ತಾಗ ನಿಂಗೆ ಯಾರೂ ಬಿಸಿ ಸಾರು ಕೊಡ್ಲಿಲ್ವಂತೆ. ಮಾಲ್ಜಾ ಚಿಕ್ಕಮ್ಮ ಹೇಳಿದ್ರು. ಕುಡಿ, ಅಮ್ಮ."

ಗಪ್ಸುನ್ ಚಮಚ ಕೈಗೆತ್ತಿಕೊಂಡಳು. ಸಾರು ಹೊಗೆಯಾಡುತ್ತಿತ್ತು. ಒಳಕೋಣೆಯಲ್ಲಿ ಬಾಮಿ ಎದ್ದು ಅಳತೊಡಗಿದ. ಗ್ಯುಸಾಂಗ್ ಅವನನ್ನು ಎತ್ತಿಕೊಂಡು ಓಡಾಡಿದರೂ ನಿಲ್ಲಿಸಲಿಲ್ಲ. ಆ ಗಲಾಟೆಯ ನಡುವೆ ಅವಳು ತಲೆ ತಗ್ಗಿಸಿ, ಕಣ್ಣು ಮೂಗು ಒರೆಸಿಕೊಳ್ಳುತ್ತ, ಬಟ್ಟಲಿನ ತಳ ಕಾಣುವವರೆಗೆ ಕುಡಿದಳು.

"ಬೆಳ್ಳುಳ್ಳಿ ಸಾಲದು," ಎಂದು ಬಟ್ಟಲನ್ನು ಮಗಳ ಕಡೆ ಚಾಚಿದಳು. "ಇನ್ನೊಂದಿಷ್ಟು ಹಾಕು."